ತಲೆಬಿಸಿಯನ್ನು ಬಿಡಿಸಿ ನೋಡುವುದು

ನಮ್ಮ ಕರಾವಳಿಯಲ್ಲಿ ಮನಸ್ಸಿಗೆ ಏನೇ ಆದರೂ ಅದಕ್ಕೆ ಹೆಸರು ಒಂದೇ, ತಲೆಬಿಸಿ. ತುಳುವಿನಲ್ಲಿ ಹೇಳುವುದಾದರೆ ಮಂಡೆಬೆಚ್ಚ. ಮಗನ ಸಿಇಟಿ ರ‍್ಯಾಂಕ್ ತಲೆಬಿಸಿ, ಸೊಸೈಟಿ ಸಾಲದ ಕಂತು ತಲೆಬಿಸಿ, ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚದಿದ್ದರೆ ಅದೂ ತಲೆಬಿಸಿ, ಅಪ್ಪ ತೀರಿಕೊಂಡು ಆರು ತಿಂಗಳಾದರೂ ಊಟ ಸೇರದಿದ್ದರೆ ಅದೂ ತಲೆಬಿಸಿ. ಹೆಸರು ಒಂದೇ ಆದ ಮೇಲೆ ಮದ್ದೂ ಒಂದೇ: "ತಲೆಬಿಸಿ ಮಾಡ್ಬೇಡ ಮಾರಾಯ." ಈ ಮದ್ದಿನಿಂದ ಗುಣವಾದವರು ಕಡಿಮೆ.

ಆ ಒಂದು ಪದದ ಒಳಗೆ ಕಡಿಮೆಯೆಂದರೂ ಐದು ಬೇರೆ ಬೇರೆ ತೊಂದರೆಗಳಿವೆ: ಉದಾಸೀನ, ಚಿಂತೆ, ಹಠಾತ್ ಹೆದರಿಕೆ, ನಿದ್ರೆಗೇಡು, ದುಃಖ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಹಿತ. ಉದಾಸೀನದಲ್ಲಿ ಬಿದ್ದವರಿಗೆ "ಸ್ವಲ್ಪ ರೆಸ್ಟ್ ಮಾಡು" ಎಂದರೆ ಅವರು ಇನ್ನೂ ಕೆಳಗಿಳಿಯುತ್ತಾರೆ. ನಿದ್ರೆ ಬಾರದವರಿಗೆ "ಬೇಗ ಹೋಗಿ ಮಲಗು" ಎಂದರೆ ಹೊರಳಾಡುವ ಹೊತ್ತು ಎರಡು ಗಂಟೆ ಹೆಚ್ಚಾಗುತ್ತದೆ. ಆದ್ದರಿಂದ ಮೊದಲ ಕೆಲಸ ಬಿಡಿಸಿ ನೋಡುವುದು.

ಮೊದಲ ವಾರ ಬರೆಯುವುದಷ್ಟೇ

ನೂರು ಪುಟದ ಒಂದು ಪುಸ್ತಕ ಸಾಕು. ಮೊಬೈಲಿನಲ್ಲಿ ಬರೆಯುವುದು ಬೇಡ, ಬರೆಯಲು ತೆಗೆದವರು ಅರ್ಧ ಗಂಟೆ ಬೇರೇನೋ ನೋಡುತ್ತ ಕೂರುತ್ತಾರೆ. ದಿನಕ್ಕೆ ಮೂರು ಹೊತ್ತು ಬರೆಯಿರಿ: ಬೆಳಗ್ಗಿನ ತಿಂಡಿ ಆದ ಮೇಲೆ, ಸಂಜೆಯ ಚಾ ಹೊತ್ತಿಗೆ, ಮಲಗುವ ಮೊದಲು. ನಾಲ್ಕು ಕಾಲಂ ಎಳೆಯಿರಿ. ಗಂಟೆ ಎಷ್ಟು, ಏನು ಮಾಡುತ್ತಿದ್ದೆ, ಮೈಯಲ್ಲಿ ಏನಾಯಿತು, ಮನಸ್ಸಿನ ಭಾರ ಸೊನ್ನೆಯಿಂದ ಹತ್ತರೊಳಗೆ ಎಷ್ಟು. ಒಂದು ಸಲಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ.

ಮೈಯ ಕಾಲಂ ಬಿಡಬೇಡಿ. ನಮ್ಮಲ್ಲಿ "ಬೇಸರ" ಎಂದು ಬಾಯಿ ಬಿಟ್ಟು ಹೇಳುವವರು ಕಡಿಮೆ, "ಗ್ಯಾಸ್ಟ್ರಿಕ್" ಎಂದು ಹೇಳುವವರು ಹೆಚ್ಚು. ಎದೆ ಡವಡವ, ಹೊಟ್ಟೆ ತೊಳಸುವುದು, ಭುಜ ಬಿಗಿ, ಕೈಕಾಲು ತಣ್ಣಗೆ, ಮೈ ಎತ್ತಲಾಗದಷ್ಟು ಭಾರ, ಹೀಗೆ ಕಂಡದ್ದನ್ನು ಕಂಡ ಹಾಗೆ ಬರೆದರೆ ಸಾಕು.

ಏಳು ದಿನ ಆದ ಮೇಲೆ ಪುಟ ತಿರುವಿ ನೋಡಿ. ಬೆಳಗ್ಗೆ ಭಾರ ಹೆಚ್ಚು, ಯಾವುದರಲ್ಲೂ ರುಚಿ ಇಲ್ಲ, ಸ್ನಾನ ಕೂಡ ದೊಡ್ಡ ಕೆಲಸ ಅನ್ನಿಸಿದ್ದರೆ ಅದು ಉದಾಸೀನದ ದಾರಿ. ದಿನವಿಡೀ ಭುಜ ಬಿಗಿ, ತಲೆಯೊಳಗೆ "ಹಾಗಾದರೆ ಏನು ಗತಿ" ಎಂಬ ಮಾತು ಸುತ್ತುತ್ತಿದ್ದರೆ ಚಿಂತೆ. ಇದ್ದಕ್ಕಿದ್ದಂತೆ ಏರಿ, ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯುವ ಹೆದರಿಕೆ ಬೇರೆ. ಹಗಲು ಪರವಾಗಿಲ್ಲ, ರಾತ್ರಿ ಮಾತ್ರ ಕಾಟ ಎಂದರೆ ನಿದ್ರೆಯದ್ದೇ ತೊಂದರೆ. ಒಬ್ಬ ವ್ಯಕ್ತಿಗೆ, ಒಂದು ದಿನಕ್ಕೆ ಅಂಟಿಕೊಂಡು ಅಲೆಅಲೆಯಾಗಿ ಬರುವುದು ದುಃಖ. ಹೆಚ್ಚಿನವರ ಪುಸ್ತಕದಲ್ಲಿ ಎರಡು ಒಟ್ಟಿಗೆ ಕಾಣುತ್ತವೆ. ಆಗ ನಿದ್ರೆ ಆ ಎರಡರಲ್ಲಿ ಒಂದಾಗಿದ್ದರೆ ಅದರಿಂದಲೇ ಶುರು ಮಾಡಿ, ಅದು ಸರಿಯಾದರೆ ಇನ್ನೊಂದು ಅರ್ಧ ಹಗುರಾಗುವುದುಂಟು.

ಇದೇ ವಾರ ಒಂದು ರಕ್ತಪರೀಕ್ಷೆಯೂ ಆಗಲಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ. ಥೈರಾಯ್ಡ್ ಕಡಿಮೆಯಾದರೆ ಉದಾಸೀನದ ಹಾಗೆಯೇ ಕಾಣುತ್ತದೆ, ಹೆಚ್ಚಾದರೆ ಚಿಂತೆಯ ಹಾಗೆ ಎದೆ ಹೊಡೆದುಕೊಳ್ಳುತ್ತದೆ. ಬಾಣಂತಿಗೆ ಹೆರಿಗೆಯಾದ ಮೊದಲ ವಾರದಲ್ಲಿ ಅಳು ಬರುವುದು ಸಾಮಾನ್ಯ. ಅದು ಎರಡು ವಾರ ದಾಟಿದರೆ ಪುಸ್ತಕ ಬರೆಯುತ್ತ ಕೂರಬೇಡಿ, ನೇರ ವೈದ್ಯರಿಗೆ ತೋರಿಸಿ.

ಉದಾಸೀನ

ಬೇರೆ ಕಡೆಯ ಕನ್ನಡದಲ್ಲಿ ಉದಾಸೀನ ಎಂದರೆ ಅಲಕ್ಷ್ಯ. ನಮ್ಮಲ್ಲಿ ಅದು ಮೈಗೆ ಹತ್ತುವ ಜಡ. "ಏಳಲಿಕ್ಕೆ ಉದಾಸೀನ ಆಗ್ತದೆ" ಎಂದಾಗ ಮನೆಯವರು ಸೋಮಾರಿತನ ಎಂದುಕೊಳ್ಳುತ್ತಾರೆ. ವ್ಯತ್ಯಾಸ ತಿಳಿಯುವುದು ಸುಲಭ. ಸೋಮಾರಿಗೆ ಯಕ್ಷಗಾನಕ್ಕೆ ಹೋಗಲು ಉದಾಸೀನವಿಲ್ಲ. ಇಷ್ಟದ ಮೇಳ ಪಕ್ಕದ ಗದ್ದೆಯಲ್ಲೇ ಆಡುತ್ತಿದ್ದರೂ ಎದ್ದು ಹೋಗಲು ಮನಸ್ಸಿಲ್ಲದವರದ್ದು ಸೋಮಾರಿತನ ಅಲ್ಲ.

ಇದು ಬಿಗಿಯಾಗುವ ರೀತಿ ಹೀಗೆ: ಮನಸ್ಸಿಲ್ಲವೆಂದು ಕೆಲಸ ಬಿಡುತ್ತೇವೆ, ಕೆಲಸ ಬಿಟ್ಟದ್ದರಿಂದ ದಿನದಲ್ಲಿ ಒಂದೂ ಹಿತವಾದದ್ದು ನಡೆಯುವುದಿಲ್ಲ, ಹಿತವಿಲ್ಲದ್ದರಿಂದ ಮನಸ್ಸು ಇನ್ನೂ ಕುಗ್ಗುತ್ತದೆ. ಆದ್ದರಿಂದ "ಮನಸ್ಸು ಬಂದ ಮೇಲೆ ಮಾಡ್ತೇನೆ" ಎಂದು ಕಾದರೆ ಆಗುವುದಿಲ್ಲ. ಇಲ್ಲಿ ಕೆಲಸ ಮೊದಲು, ಮನಸ್ಸು ಹಿಂದಿನಿಂದ ಬರುತ್ತದೆ.

ಮಾಡಬೇಕಾದದ್ದು ದಿನಕ್ಕೆ ಮೂರೇ ಕೆಲಸ. ಒಂದು ಮೈಗೆ, ಒಂದು ಮನೆಗೆ, ಒಂದು ಜನರ ಜೊತೆಗೆ. ತೀರಾ ಕೆಟ್ಟ ದಿನದಲ್ಲೂ ಮಾಡಲಿಕ್ಕಾಗುವಷ್ಟು ಸಣ್ಣದಾಗಿರಬೇಕು. "ವಾಕಿಂಗ್ ಶುರು ಮಾಡಬೇಕು" ಎಂಬುದು ಕೆಲಸವಲ್ಲ, ಬರೀ ಆಸೆ. "ಬೆಳಗ್ಗೆ 7:30ಕ್ಕೆ ಚಪ್ಪಲಿ ಹಾಕಿ ಗೇಟಿನಿಂದ ಬಸ್‌ಸ್ಟಾಪಿನವರೆಗೆ ಹೋಗಿ ಬರುವುದು" ಕೆಲಸ. ಹಾಗೆಯೇ "ಅಂಗಳದ ಒಂದು ಬದಿ ಗುಡಿಸುವುದು", "ಅಕ್ಕನಿಗೆ ಫೋನ್ ಮಾಡಿ ಐದು ನಿಮಿಷ ಮಾತಾಡುವುದು". ಹಿಂದಿನ ರಾತ್ರಿಯೇ ಗಂಟೆ ಹಾಕಿ ಬರೆದಿಡಿ. ಮಾಡುವ ಮೊದಲು ಎಷ್ಟು ಭಾರ, ಮಾಡಿದ ಮೇಲೆ ಎಷ್ಟು ಎಂದು ಅಂಕೆ ಹಾಕಿ. ಎಂಟು ಇದ್ದದ್ದು ಏಳಾದರೂ ಅದು ಲೆಕ್ಕಕ್ಕೆ ಉಂಟು.

ಈ ದಾರಿ ಕೈಕೊಡುವುದು ಹೆಚ್ಚಾಗಿ ನಾಲ್ಕನೆಯ ಐದನೆಯ ದಿನ. ಒಂದು ಒಳ್ಳೆಯ ದಿನ ಸಿಕ್ಕಿತೆಂದು ಅಟ್ಟ ಗುಡಿಸಿ, ಪಾತ್ರೆಗಳನ್ನೆಲ್ಲ ತೊಳೆದು, ಮೂರು ಮನೆಗೆ ಹೋಗಿ ಬರುತ್ತಾರೆ. ಮರುದಿನ ಮೈ ಎತ್ತಲಾಗುವುದಿಲ್ಲ, "ನನ್ನಿಂದ ಆಗುವುದಲ್ಲ" ಎಂಬ ತೀರ್ಮಾನ ಬರುತ್ತದೆ. ಒಳ್ಳೆಯ ದಿನ ಹತ್ತು ಕೆಲಸ ಮಾಡಬಹುದು ಅನ್ನಿಸಿದರೆ ಆರಕ್ಕೆ ನಿಲ್ಲಿಸಿ. ವಾರಕ್ಕೊಮ್ಮೆ ಮಾತ್ರ ಸ್ವಲ್ಪ ಏರಿಸಿ: ಹತ್ತು ನಿಮಿಷದ ನಡಿಗೆ ಹದಿನೈದಕ್ಕೆ, ಆಮೇಲೆ ಇಪ್ಪತ್ತಕ್ಕೆ. ಕದ್ರಿ ಪಾರ್ಕಿನ ಸುತ್ತು, ಅಜ್ಜರಕಾಡಿನ ಪಾರ್ಕು, ಮಲ್ಪೆ ಕಡಲ ಬದಿ ಎಲ್ಲ ಆಮೇಲಿನ ಮಾತು. ಮೊದಲ ವಾರಕ್ಕೆ ನಿಮ್ಮದೇ ಓಣಿ ಸಾಕು. ಫಲ ಒಂದು ದಿನದಲ್ಲಿ ಅಳೆಯಬೇಡಿ, ಎರಡು ವಾರದ ಅಂಕೆ ಒಟ್ಟಿಗೆ ನೋಡಿ.

ಮಳೆಗಾಲದ ಮಾತು ಬೇರೆಯೇ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ), ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಕರೆಂಟ್ ಇರುವುದಿಲ್ಲ, ಯಾರೂ ಮನೆಗೆ ಬರುವುದಿಲ್ಲ. ಮಲ್ಪೆ, ಮಂಗಳೂರಿನ ಬಂದರು, ಗಂಗೊಳ್ಳಿ ಕಡೆ ಯಾಂತ್ರಿಕ ಮೀನುಗಾರಿಕೆ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ದುಡಿಮೆಯೂ ಇಲ್ಲ, ದಿನಕ್ಕೊಂದು ಆಕಾರವೂ ಇಲ್ಲ. ಆಗ ಬರುವ ಜಡಕ್ಕೆ ಬೆಳಕಿನ ಕೊರತೆಯೂ ಸೇರುತ್ತದೆ. ಎದ್ದ ಒಂದು ಗಂಟೆಯೊಳಗೆ ಅರ್ಧ ಗಂಟೆ ಜಗಲಿಯಲ್ಲಿ ಹೊರಗೆ ಮುಖ ಮಾಡಿ ಕೂತು ಚಾ ಕುಡಿಯಿರಿ. ಮೋಡ ಕವಿದ ದಿನದ ಹೊರಬೆಳಕು ಕೂಡ ಒಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಹೆಚ್ಚು. ಫ್ಲ್ಯಾಟಿನವರಿಗೆ ಬಾಲ್ಕನಿ ಅಥವಾ ಟೆರೇಸಿನ ಶೀಟಿನ ಅಡಿ. ನಡಿಗೆಗೆ ಮಳೆ ನಿಲ್ಲಲಿ ಎಂದು ಕಾಯಬೇಡಿ, ಅದು ನಿಲ್ಲುವುದಿಲ್ಲ. ಮೆಟ್ಟಿಲು ಹತ್ತಿ ಇಳಿಯಿರಿ, ಚಾವಡಿಯಲ್ಲೇ ಹದಿನೈದು ನಿಮಿಷ ನಡೆಯಿರಿ.

ಚಿಂತೆ

ಚಿಂತೆಯನ್ನು "ಮಾಡಬೇಡ" ಎಂದು ತಳ್ಳಿದಷ್ಟೂ ಅದು ಹೊಸಿಲಲ್ಲೇ ನಿಲ್ಲುತ್ತದೆ. ತಳ್ಳುವುದರ ಬದಲು ಅದಕ್ಕೊಂದು ಹೊತ್ತು ಗೊತ್ತು ಮಾಡಿ. ದಿನಾ ಸಂಜೆ 5:30ರಿಂದ 5:50, ಒಂದೇ ಕುರ್ಚಿ, ಕೈಯಲ್ಲಿ ಪುಸ್ತಕ. ಬೆಡ್‌ರೂಮಿನಲ್ಲಿ ಬೇಡ, ಮಲಗುವ ಹೊತ್ತಿನ ಹತ್ತಿರವೂ ಬೇಡ. ಬೆಳಗ್ಗೆ ಹತ್ತಕ್ಕೆ ಚಿಂತೆ ಬಂದರೆ ಒಂದೇ ಸಾಲಿನಲ್ಲಿ ಗುರುತು ಹಾಕಿ "ಐದೂವರೆಗೆ ನೋಡುವ" ಎಂದು ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಮೊದಲ ಮೂರು ನಾಲ್ಕು ದಿನ ಒಂದು ಗಂಟೆಯೊಳಗೆ ಹತ್ತು ಸಲ ಹೀಗೆ ಹೇಳಬೇಕಾಗಬಹುದು. ಅದು ಸೋಲಲ್ಲ, ರೂಢಿಯಾಗುವುದು ಹಾಗೆಯೇ.

ಐದೂವರೆಗೆ ಕೂತಾಗ ಪಟ್ಟಿಯನ್ನು ಎರಡು ಭಾಗ ಮಾಡಿ. ನಾನು ಏನಾದರೂ ಮಾಡಲಿಕ್ಕಾಗುವುದು ಒಂದು ಕಡೆ, ಆಗದ್ದು ಇನ್ನೊಂದು ಕಡೆ. ಮೊದಲನೆಯದಕ್ಕೆ ಮುಂದಿನ ಒಂದು ಹೆಜ್ಜೆ ಮತ್ತು ತಾರೀಕು ಬರೆಯಿರಿ. "ಸಾಲ ಹೇಗೆ ತೀರಿಸುವುದು" ಎಂದಲ್ಲ, "ಸೋಮವಾರ 11ಕ್ಕೆ ಬ್ಯಾಂಕಿಗೆ ಹೋಗಿ ಕಂತಿನ ಅವಧಿ ಉದ್ದ ಮಾಡಲಿಕ್ಕೆ ಆಗ್ತದಾ ಕೇಳುವುದು." ಎರಡನೆಯದಕ್ಕೆ ಎರಡೇ ಪ್ರಶ್ನೆ: ಹೀಗಾಗುವ ಸಾಧ್ಯತೆ ನೂರಕ್ಕೆ ಎಷ್ಟು? ಆಗಿಯೇ ಬಿಟ್ಟರೆ ನಾನು ಮೊದಲು ಯಾರಿಗೆ ಫೋನ್ ಮಾಡುತ್ತೇನೆ? ಉತ್ತರ ಬರೆದು, ಇಪ್ಪತ್ತು ನಿಮಿಷಕ್ಕೆ ಪುಸ್ತಕ ಮುಚ್ಚಿ, ಎದ್ದು ದೀಪ ಹಚ್ಚುವುದೋ ಅಡುಗೆಗೆ ಕೈ ಹಾಕುವುದೋ ಮಾಡಿ.

ಚಿಂತೆಗೆ ಗೊಬ್ಬರವಾಗುವುದು ಎರಡು ಅಭ್ಯಾಸ. ಒಂದು, ಮತ್ತೆ ಮತ್ತೆ ಖಚಿತ ಮಾಡಿಕೊಳ್ಳುವುದು. ಗಲ್ಫಿನಲ್ಲಿರುವ ಗಂಡ, ಬೆಂಗಳೂರಿನಲ್ಲಿರುವ ಮಗಳು ಫೋನ್ ಎತ್ತದಿದ್ದರೆ ನಾಲ್ಕು ಸಲ, ಎಂಟು ಸಲ ಮಾಡುತ್ತೇವೆ. ಎತ್ತಿದ ಕೂಡಲೇ ಹಾಯೆನಿಸುತ್ತದೆ. ಆ ಹಾಯೇ ಬಲೆ: ಮುಂದಿನ ಸಲ ಮನಸ್ಸು ಇನ್ನೂ ಬೇಗ ಆ ಹಾಯನ್ನು ಕೇಳುತ್ತದೆ. ಒಂದು ಹೊತ್ತು ನಿಗದಿ ಮಾಡಿ. ನಮ್ಮ ರಾತ್ರಿ 9:30 ದುಬೈಯಲ್ಲಿ 8 ಗಂಟೆ, ಸೌದಿ, ಕತಾರ್, ಕುವೈತ್‌ನಲ್ಲಿ 7. ನಡುವೆ ಫೋನ್ ಮಾಡಬೇಕೆನಿಸಿದರೆ ಹತ್ತು ನಿಮಿಷ ತಡೆಯಿರಿ, ಮರುದಿನ ಇಪ್ಪತ್ತು, ಆಮೇಲೆ ಮುಕ್ಕಾಲು ಗಂಟೆ.

ಎರಡನೆಯದು ತಪ್ಪಿಸಿಕೊಳ್ಳುವುದು. ಬಸ್ಸಿನಲ್ಲಿ ಒಮ್ಮೆ ತಲೆ ತಿರುಗಿತು ಎಂದು ಬಸ್ ಬಿಟ್ಟವರು, ಸಭಾಭವನದ ಜನಜಂಗುಳಿಗೆ ಹೆದರಿ ಮದುವೆಗೆ ಹೋಗುವುದನ್ನೇ ಬಿಟ್ಟವರು ಪ್ರತಿ ಊರಲ್ಲೂ ಇದ್ದಾರೆ. ಇದಕ್ಕೆ ಮೆಟ್ಟಿಲು ಕಟ್ಟಬೇಕು. ಉದಾಹರಣೆಗೆ, ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷ ನಿಲ್ಲುವುದು, ಹೆದರಿಕೆ ಮೂರು. ಗುರುತಿನವರ ಜೊತೆ ಸಿಟಿ ಬಸ್ಸಿನಲ್ಲಿ ಎರಡು ಸ್ಟಾಪ್, ಹೆದರಿಕೆ ಐದು. ಒಬ್ಬರೇ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದವರೆಗೆ, ಏಳು. ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಒಂಬತ್ತು. (ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ವೇಗಕ್ಕೆ ಹೆದರುವುದು ಕಾಯಿಲೆಯಲ್ಲ, ಅದು ಬೇರೆ ವಿಷಯ.) ಕೆಳಗಿನ ಮೆಟ್ಟಿಲನ್ನು ವಾರಕ್ಕೆ ನಾಲ್ಕೈದು ಸಲ ಮಾಡಿ, ಹೆದರಿಕೆ ಅರ್ಧಕ್ಕಿಳಿದ ಮೇಲೆ ಮುಂದಿನದು. ಹೆದರಿಕೆ ತುದಿಗೇರಿದಾಗಲೇ ಇಳಿದು ಓಡಿದರೆ "ಓಡಿದ್ದರಿಂದ ಬದುಕಿದೆ" ಎಂಬ ಪಾಠ ಮನಸ್ಸಿಗೆ ಸಿಗುತ್ತದೆ. ಕೂತೇ ಇದ್ದರೆ ಅದು ತಾನಾಗಿ ಇಳಿಯುವುದನ್ನು ಮೈ ಕಲಿಯುತ್ತದೆ.

ಎದೆ ಹೊಡೆದುಕೊಂಡು ಜೀವ ಹೋಗುವ ಹಾಗಾದರೆ

ಎದೆ ಡವಡವ, ಉಸಿರು ಸಾಲದು, ಬೆವರು, ಬೆರಳ ತುದಿಯಲ್ಲಿ ಜುಮುಜುಮು, "ಈಗ ಸತ್ತೇ ಹೋಗ್ತೇನೆ" ಎಂಬ ಭಾವ. ಇದು ಹತ್ತು ನಿಮಿಷದೊಳಗೆ ತುದಿಗೇರಿ ಆಮೇಲೆ ಇಳಿಯುತ್ತದೆ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ.

ಮೊದಲ ಸಲ ಹೀಗಾದಾಗ ಮನೆಯಲ್ಲಿ ಕೂತು ಹೆಸರಿಡಲು ಹೋಗಬೇಡಿ. ಇಸಿಜಿ ಆಗಲಿ. ವಯಸ್ಸು ನಲವತ್ತು ದಾಟಿದೆ, ಸಕ್ಕರೆ ಅಥವಾ ಬಿಪಿ ಇದೆ, ನೋವು ಎಡಗೈಗೆ ಅಥವಾ ದವಡೆಗೆ ಹರಿಯುತ್ತದೆ, ಏರು ಹತ್ತುವಾಗ ಶುರುವಾಯಿತು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಸೋಡಾ ಕುಡಿದು "ಗ್ಯಾಸ್ ಹೋಗಲಿ" ಎಂದು ಕಾದು ಹೊತ್ತು ಕಳೆಯಬೇಡಿ. ಹೃದಯ ಸರಿ ಇದೆ ಎಂದು ವೈದ್ಯರು ಹೇಳಿದ ಮೇಲೆ ಮುಂದಿನದು.

ಇಲ್ಲಿ ನಡೆಯುವುದೇನೆಂದರೆ, ಹೆದರಿಕೆಗೆ ಉಸಿರು ಬೇಗ ಬೇಗ ಆಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದರಿಂದಲೇ ಬೆರಳ ಜುಮುಜುಮು, ತಲೆ ತಿರುಗು. ಆ ಲಕ್ಷಣ ಕಂಡು ಇನ್ನೂ ಹೆದರಿ ಇನ್ನೂ ಬೇಗ ಉಸಿರಾಡುತ್ತೇವೆ. ಹಾಗಾಗಿ "ದೊಡ್ಡದಾಗಿ ಉಸಿರೆಳೆ, ದೊಡ್ಡದಾಗಿ" ಎಂದು ಸುತ್ತ ನಿಂತವರು ಹೇಳುವುದು ತಪ್ಪು, ಅದು ಬೆಂಕಿಗೆ ತುಪ್ಪ. ಬೇಕಾದದ್ದು ಸಣ್ಣ, ನಿಧಾನದ ಉಸಿರು. ಬಾಯಿ ಮುಚ್ಚಿ ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಒಂದು ಕೈ ಹೊಟ್ಟೆಯ ಮೇಲೆ, ಎದೆಯಲ್ಲ, ಹೊಟ್ಟೆ ಏಳಬೇಕು. ಐದು ನಿಮಿಷ. ಕವರಿನೊಳಗೆ ಉಸಿರಾಡುವ ಹಳೆಯ ಉಪಾಯ ಬೇಡ, ಅದು ಅಪಾಯ.

ಉಸಿರಿನ ಜೊತೆಗೆ ಕಣ್ಣಿಗೆ ಕೆಲಸ ಕೊಡಿ. ಎದುರಿನ ಕಟ್ಟಡದ ಕಿಟಕಿ ಎಣಿಸುವುದು, ಹೆಂಚಿನ ಸಾಲು ಎಣಿಸುವುದು. "ಇದು ನಿಲ್ಲಬೇಕು" ಎಂದು ಜಗಳಕ್ಕೆ ಹೋಗಬೇಡಿ, "ಬಂದಿದೆ, ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ" ಎಂದುಕೊಳ್ಳಿ. ಇಳಿದ ಮೇಲೆ ಮನೆಗೆ ಓಡದೆ ಅದೇ ಜಾಗದಲ್ಲಿ ಇನ್ನೂ ಹತ್ತು ನಿಮಿಷ ಇರಿ. ಉಸಿರಿನ ಅಭ್ಯಾಸ ಅಟ್ಯಾಕ್ ಬಂದಾಗ ಕಲಿಯುವಂಥದ್ದಲ್ಲ. ದಿನಾ ಎರಡು ಹೊತ್ತು ಐದೈದು ನಿಮಿಷ, ಎರಡು ವಾರ ಮಾಡಿಟ್ಟರೆ ಬೇಕಾದಾಗ ಕೈಗೆ ಸಿಗುತ್ತದೆ.

ನಿದ್ರೆ

ಮಲಗುವ ಹೊತ್ತಿಗಿಂತ ಏಳುವ ಹೊತ್ತು ಮುಖ್ಯ. ರಾತ್ರಿ ಎಷ್ಟೇ ಕೆಟ್ಟಿರಲಿ, ಆದಿತ್ಯವಾರವೂ ಸೇರಿ ಒಂದೇ ಗಂಟೆಗೆ ಏಳಿ. ನಿದ್ರೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷವಾಗಿರಬಹುದು ಅನ್ನಿಸುವಷ್ಟು ಹೊತ್ತು ಹೊರಳಾಡಿದರೆ ಎದ್ದು ಹೊರಗೆ ಬನ್ನಿ. ಗಡಿಯಾರ ನೋಡಬೇಡಿ, ನೋಡಿದರೆ ಲೆಕ್ಕ ಶುರುವಾಗುತ್ತದೆ. ಮಂದ ಬೆಳಕಿನಲ್ಲಿ ಬೇಸರ ತರಿಸುವ ಏನಾದರೂ ಮಾಡಿ, ಹಳೆಯ ಕ್ಯಾಲೆಂಡರಿನ ಪಂಚಾಂಗ ಓದಿದರೂ ಆದೀತು. ಕಣ್ಣು ಎಳೆದಾಗ ಮತ್ತೆ ಹೋಗಿ. ಒಂದು ರಾತ್ರಿಯಲ್ಲಿ ಮೂರು ಸಲ ಹೀಗೆ ಏಳಬೇಕಾದರೂ ಏಳಿ.

ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದಾರು ಗಂಟೆ ಬೇಕು. ಸಂಜೆ ಐದರ ಕಾಫಿ ಹತ್ತೂವರೆಗೆ ಅರ್ಧ ಲೋಟ ರಕ್ತದಲ್ಲೇ ಇರುತ್ತದೆ ಎಂದಿಟ್ಟುಕೊಳ್ಳಿ. ನಿದ್ರೆಯ ತೊಂದರೆ ಇದ್ದವರಿಗೆ ಮಧ್ಯಾಹ್ನ ಎರಡರ ನಂತರ ಚಾ, ಕಾಫಿ ಎರಡೂ ಬೇಡ. ಊಟದ ನಂತರದ ನಿದ್ರೆ ಇಪ್ಪತ್ತು ನಿಮಿಷ, ಮೂರು ಗಂಟೆಯೊಳಗೆ. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಆರೇ ಗಂಟೆ ನಿದ್ರೆ ಬರುತ್ತಿದ್ದರೆ ಹಾಸಿಗೆಯ ಹೊತ್ತನ್ನೇ ಆರೂವರೆ ಗಂಟೆಗೆ ಇಳಿಸಿ. ಅಷ್ಟೂ ನಿದ್ರೆಯಿಂದ ತುಂಬಿದ ಮೇಲೆ ವಾರಕ್ಕೆ ಹದಿನೈದು ನಿಮಿಷ ಸೇರಿಸುತ್ತ ಹೋಗಿ. ಮೊದಲ ವಾರ ಹಗಲು ತೂಕಡಿಕೆ ಹೆಚ್ಚು, ವಾಹನ ಓಡಿಸುವವರು ಜಾಗ್ರತೆ. ಫಿಟ್ಸ್ ಇದ್ದವರು, ಬೈಪೋಲಾರ್ ಕಾಯಿಲೆ (ವಿಪರೀತ ಹುರುಪು, ವಿಪರೀತ ಕುಗ್ಗು ಸರದಿಯಲ್ಲಿ ಬರುವುದು) ಇದ್ದವರು ಈ ಕೊನೆಯ ಉಪಾಯವನ್ನು ತಾವೇ ಮಾಡಬಾರದು.

"ಒಂದು ತೊಂಬತ್ತು (90 ಮಿಲಿ ಮದ್ಯ) ಹಾಕಿದರೆ ನಿದ್ರೆ ಬರ್ತದೆ" ಎನ್ನುವುದು ಅರ್ಧ ನಿಜ. ಬೇಗ ಬರುತ್ತದೆ, ಎರಡು ಮೂರು ಗಂಟೆಗೆ ಒಡೆಯುತ್ತದೆ, ಮರುದಿನ ಚಿಂತೆ ಇನ್ನೂ ಹೆಚ್ಚು. ಒಂದು ಕ್ವಾರ್ಟರ್ ಎಂದರೆ 180 ಮಿಲಿ, ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ. ದಿನಾ ಅಷ್ಟು ಕುಡಿಯುತ್ತಿದ್ದವರು ಹರಕೆ ಹೇಳಿ ಒಂದೇ ದಿನ ನಿಲ್ಲಿಸುವುದು ಅಪಾಯ. ಮೊದಲ ದಿನ ಕೈ ನಡುಕ, ಬೆವರು, ಒಂದೆರಡು ದಿನದೊಳಗೆ ಫಿಟ್ಸ್, ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು ಎಲ್ಲ ಆಗಬಹುದು, ಜೀವಕ್ಕೂ ಕುತ್ತು. ನಿಲ್ಲಿಸುವುದು ಒಳ್ಳೆಯದೇ, ವೈದ್ಯರ ಮದ್ದಿನ ಆಸರೆಯಲ್ಲಿ ನಿಲ್ಲಿಸಿ.

ದುಃಖ

ಇದಕ್ಕೆ ಉಪಾಯ ಹೇಳುವುದು ಕಡಿಮೆ, ಜೊತೆಗಿರುವುದು ಹೆಚ್ಚು. ಬೊಜ್ಜದವರೆಗೆ, ಅಂದರೆ ಉತ್ತರಕ್ರಿಯೆಯವರೆಗೆ, ಮನೆ ತುಂಬ ಜನ. ಹದಿನಾಲ್ಕನೆಯ ದಿನ ಶಾಮಿಯಾನ ಇಳಿದ ಮೇಲೆ ಒಬ್ಬರೂ ಇಲ್ಲ. ನಿಜವಾದ ಭಾರ ಆಗ ಶುರು. ಹೋಗುವವರು ಎರಡನೆಯ, ಮೂರನೆಯ ತಿಂಗಳು ಹೋಗಿ. ಸತ್ತವರ ಹೆಸರು ಎತ್ತಿದರೆ ಅಳುತ್ತಾರೆ ಎಂದು ಮಾತು ತಪ್ಪಿಸಬೇಡಿ, ಹೆಸರು ಹೇಳಿ ಮಾತಾಡಿ. ಮೊದಲ ಚೌತಿ, ಮೊದಲ ದೀಪಾವಳಿ, ಅವರು ಹುಟ್ಟಿದ ದಿನ ಅಲೆ ಮತ್ತೆ ಏರುತ್ತದೆ, ಅದು ಹಿಂದೆ ಬಿದ್ದದ್ದಲ್ಲ. ಆರು ತಿಂಗಳು, ಒಂದು ವರ್ಷ ಕಳೆದರೂ ಅಲೆಗಳ ನಡುವಿನ ಬಿಡುವು ಉದ್ದವಾಗದೆ, ದಿನದ ಕೆಲಸವೇ ನಿಂತಿದ್ದರೆ ಮಾತ್ರ ತೋರಿಸಬೇಕಾದ ವಿಷಯ.

ಮನೆಯವರು ಕೇಳುವ ರೀತಿ

"ನಿಂಗೆ ಎಂತ ಕಮ್ಮಿ ಉಂಟು?" ಎಂಬ ಪ್ರಶ್ನೆಗೆ ಉತ್ತರವಿಲ್ಲ, ನಾಚಿಕೆ ಮಾತ್ರ ಇದೆ. ಅದರ ಬದಲು "ನಿದ್ರೆ ಬರ್ತದಾ? ಊಟ ಸೇರ್ತದಾ? ಎಷ್ಟು ದಿನ ಆಯ್ತು ಹೀಗೆ?" ಎಂದು ಕೇಳಿ. ಎದುರು ಕೂತು ವಿಚಾರಣೆ ಮಾಡಬೇಡಿ, ಬೀನ್ಸ್ ಮುರಿಯುವಾಗ, ಸ್ಕೂಟರಿನಲ್ಲಿ ಹೋಗುವಾಗ ಮಾತು ಸಲೀಸಾಗಿ ಬರುತ್ತದೆ. ಪಿಯುಸಿ ಮಕ್ಕಳ ಹತ್ತಿರ ಅಂಕದ ಮಾತಿನ ಮೊದಲು ಇನ್ನೊಂದು ಮಾತು ಇರಲಿ. ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ ಎಂಬುದನ್ನು ಫಲಿತಾಂಶದ ದಿನವಲ್ಲ, ಅದಕ್ಕೂ ಮೊದಲೇ ಮನೆಯಲ್ಲಿ ಎಲ್ಲರೆದುರು ಹೇಳಿಡಿ.

"ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು ಬಂದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, ಎಲ್ಲರಿಂದ ದೂರವಾದರೆ ನೇರವಾಗಿ ಕೇಳಿ: "ಸಾಯುವ ಯೋಚನೆ ಬರ್ತದಾ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊತ್ತವರಿಗೆ ಇಳಿಸಲು ಜಾಗ ಸಿಗುತ್ತದೆ. ಹೌದು ಎಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ. ಒಬ್ಬರನ್ನೇ ಬಿಡಬೇಡಿ. ತೋಟದ ಮದ್ದು (ಕೀಟನಾಶಕ), ಮನೆಯ ಮಾತ್ರೆಗಳು ಬೀಗದೊಳಗೆ, ಕೀಲಿ ಬೇರೆ ಮನೆಯಲ್ಲಿ ಇರಲಿ. ಆ ತೀವ್ರ ಗಳಿಗೆ ಹೆಚ್ಚಾಗಿ ಸ್ವಲ್ಪ ಹೊತ್ತಿನದ್ದು, ನಡುವೆ ಒಂದು ಬೀಗ ಬಂದರೆ ಜೀವ ಉಳಿಯುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಿ, ಅಥವಾ ಟೆಲಿ ಮಾನಸ್‌ಗೆ ಕರೆ ಮಾಡಿ: 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸೇವೆ ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆ ಮಾಡಿ ಕೇಳಬಹುದು. "ಕೇಸಾಗ್ತದೆ" ಎಂದು ಆಸ್ಪತ್ರೆಗೆ ಒಯ್ಯದೆ ಅಡಗಿಸುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅಂಥ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷೆಗೆ ಗುರಿಪಡಿಸುವುದಲ್ಲ.

ವೈದ್ಯರ ಹತ್ತಿರ ಯಾವಾಗ, ಎಲ್ಲಿ

ಎರಡು ವಾರಕ್ಕಿಂತ ಹೆಚ್ಚು ಕಾಲ ಹೆಚ್ಚಿನ ದಿನಗಳಲ್ಲಿ ಬೇಸರ ಅಥವಾ ಯಾವುದರಲ್ಲೂ ರುಚಿ ಇಲ್ಲದಿರುವುದು, ಜೊತೆಗೆ ನಿದ್ರೆ, ಹಸಿವು, ಗಮನ, ಕೆಲಸ ಕೆಟ್ಟಿರುವುದು. ಅಥವಾ ಮೇಲಿನದನ್ನು ಒಂದು ತಿಂಗಳು ಸರಿಯಾಗಿ ಮಾಡಿಯೂ ಅಂಕೆ ಇಳಿಯದಿರುವುದು. ಇಷ್ಟಾದರೆ ಹೋಗಿ. ಯಾರಿಗೂ ಕೇಳದ ಧ್ವನಿ ಕೇಳಿಸುತ್ತಿದ್ದರೆ, ಎಲ್ಲರೂ ತನ್ನ ವಿರುದ್ಧ ಎಂಬ ಗಟ್ಟಿ ಸಂಶಯ ಇದ್ದರೆ, ನಿದ್ರೆಯೇ ಇಲ್ಲದೆ ವಿಪರೀತ ಹುರುಪಿನಲ್ಲಿ ಹಣ ಸುರಿಯುತ್ತಿದ್ದರೆ ಒಂದು ವಾರವೂ ಕಾಯಬಾರದು.

ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಸರ್ಕಾರದವು. ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವಿದೆ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಈ ಕೆಲಸಕ್ಕೇ ಹೆಸರಾದದ್ದು. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಜ್ಞರು ಬರುವ ವ್ಯವಸ್ಥೆ ಇದೆ, ಹೋಗುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಗುರುತಿನವರು ನೋಡುತ್ತಾರೆ ಎಂಬ ಹೆದರಿಕೆ ಇದ್ದರೆ ಉಡುಪಿಯವರು ಮಂಗಳೂರಿಗೆ, ಮಂಗಳೂರಿನವರು ಮಣಿಪಾಲಕ್ಕೆ ಹೋಗುವುದರಲ್ಲಿ ತಪ್ಪೇನಿಲ್ಲ. ಮದ್ದು ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಕೇಳಲು ಸಂಕೋಚ ಬೇಡ.

ಜೋಯಿಸರ ಹತ್ತಿರ ಪ್ರಶ್ನೆ ಇಡಿಸುವುದು, ದೈವದಲ್ಲಿ ಅರಿಕೆ ಮಾಡುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಮನಸ್ಸಿಗೆ ಧೈರ್ಯ ಬಂದರೆ ಅದೂ ಬೇಕಾದದ್ದೇ. ಎಡವುವುದು ಎರಡು ಕಡೆ. ಹರಕೆಯ ದಿನದವರೆಗೆ ಮದ್ದು ನಿಲ್ಲಿಸುವುದು ಒಂದು, ಪರಿಹಾರಕ್ಕೆಂದು ಸಾಲ ಮಾಡಿ ಇನ್ನೊಂದು ತಲೆಬಿಸಿ ತಂದುಕೊಳ್ಳುವುದು ಎರಡು. ದೈವದ ಕೋಲವೂ ನಡೆಯಲಿ, ಅಪಾಯಿಂಟ್‌ಮೆಂಟೂ ತಪ್ಪದಿರಲಿ.

ಹೋಗುವಾಗ ಆ ನೂರು ಪುಟದ ಪುಸ್ತಕ, ರಕ್ತದ ರಿಪೋರ್ಟು, ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಯ ಸ್ಟ್ರಿಪ್ ಒಯ್ಯಿರಿ, ಆಯುರ್ವೇದದ್ದೂ ಸೇರಿ. ಕುಡಿಯುವುದು, ಬಸುರಿಯಾಗುವ ಯೋಚನೆ, ಮನೆಯಲ್ಲಿ ಯಾರಿಗಾದರೂ ಇದ್ದ ಇಂಥ ಕಾಯಿಲೆ ಮುಚ್ಚಿಡಬೇಡಿ.

ಮದ್ದಿನ ಬಗ್ಗೆ ಎರಡು ಜಾತಿ ಗೊತ್ತಿದ್ದರೆ ಸಾಕು. ಖಿನ್ನತೆ, ಆತಂಕಕ್ಕೆ ಕೊಡುವ ಮುಖ್ಯ ಮಾತ್ರೆಗಳು ಚಟ ಹಿಡಿಸುವಂಥವಲ್ಲ, ಆದರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ಸ್ವಲ್ಪ ಚಡಪಡಿಕೆ ಇರಬಹುದು. ಹೆಚ್ಚಿನವರು ಬಿಡುವುದು ಇಲ್ಲೇ: ತೊಂದರೆ ಮೊದಲ ವಾರ ಬಂತು, ಗುಣ ಇನ್ನೂ ಬಂದಿಲ್ಲ. ಚಡಪಡಿಕೆ ವಿಪರೀತವಾದರೆ ಅಥವಾ ಸಾಯುವ ಯೋಚನೆ ಹೆಚ್ಚಾದರೆ ಅದೇ ದಿನ ತಿಳಿಸಿ. ಇನ್ನೊಂದು ಜಾತಿ ಆಲ್ಪ್ರಜೋಲಾಂ, ಕ್ಲೊನಜೆಪಾಂ ಮೊದಲಾದವು. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಹಾಯೆನಿಸುತ್ತದೆ, ಅದಕ್ಕೇ ಚಟ ಹಿಡಿಯುತ್ತದೆ. ಎರಡರಿಂದ ನಾಲ್ಕು ವಾರಕ್ಕೆಂದು ಬರೆದದ್ದನ್ನು ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತೆಗೆದುಕೊಳ್ಳಬೇಡಿ, ಪಕ್ಕದ ಮನೆಯವರಿಗೆ ಒಂದು ಕೊಡಲೂ ಬೇಡಿ. ಈಗಾಗಲೇ ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ.

ಗುಣವಾಯಿತು ಅನ್ನಿಸಿದ ಮೇಲೂ ಮೊದಲ ಜಾತಿಯ ಮಾತ್ರೆಯನ್ನು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸುತ್ತಾರೆ, ಆಮೇಲೆ ವಾರ, ತಿಂಗಳುಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಒಮ್ಮೆಲೇ ಬಿಟ್ಟರೆ ತಲೆ ತಿರುಗು, ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುವುದು, ಸಿಟ್ಟು ಬರುತ್ತದೆ. ಇಳಿಸುವ ತಿಂಗಳನ್ನು ವೈದ್ಯರ ಜೊತೆ ಕೂತು ಆರಿಸಿ. ಮಗಳ ಮದುವೆಯ ತಿಂಗಳು ಬೇಡ, ಮಗನ ಪರೀಕ್ಷೆಯ ತಿಂಗಳು ಬೇಡ, ಆಟಿ ಅಂತೂ ಬೇಡವೇ ಬೇಡ. ನವರಾತ್ರಿ ಕಳೆದು ಅಂಗಳ ಒಣಗಿ, ಬಿಸಿಲು ಬಿದ್ದ ಮೇಲೆ ಶುರು ಮಾಡಲು ಆಗುತ್ತದಾ ಎಂದು ಕೇಳಿ ನೋಡಿ.